ಹಾಡಿದವರು ಯಾರು?

(ಬೊರಿವಲಿಯ ಕನ್ನಡ ಬಳಗವೊಂದರ ತಿಂಗಳ ಕೂಟದಲ್ಲಿ ಆಡಿದ ಮಾತುಗಳಿವು. ಅಂದು ಬರಲಾಗದ ಕೆಲವು ಕೇಳುಗರು ಕೇಳಿದ್ದರಿಂದ ನಮ್ಮ ಸುದ್ದಿಪತ್ರಕ್ಕಾಗಿ ಬರೆದುಕೊಟ್ಟಿದ್ದೇನೆ.)



ರೇಡಿಯೊದಲ್ಲಿ ನಾನು ದಿನಕ್ಕೆ ಅದೆಷ್ಟು ಸಲ ಹೇಳುವ ಮಾತೊಂದಿದೆ. "ಹಾಡಿದವರು..." ಎಂದು ಹೇಳಿ, ಒಂದು ಕ್ಷಣ ತಡೆದು, ಹೆಸರು ಹೇಳುತ್ತೇನೆ. ನಿಮಗೆ ಅದು ಎರಡು ಹಾಡುಗಳ ನಡುವಿನ ಬಿಡುವು. ಅಷ್ಟರಲ್ಲಿ ನೀವು ಒಗ್ಗರಣೆ ಹಾಕಿರುತ್ತೀರಿ, ಇಲ್ಲವೇ ಬಾಗಿಲಿಗೆ ಬಂದ ಹಾಲಿನವನಿಗೆ ಲೆಕ್ಕ ಹೇಳಿರುತ್ತೀರಿ. ನನಗೂ ಅದು ಬಹಳ ದಿನ ಬರೀ ಬಾಯಿಪಾಠವೇ ಆಗಿತ್ತು. ಆ ಒಂದು ಮಾತಿನ ತೂಕ ಎಷ್ಟು ಎಂದು ತಿಳಿದದ್ದು ನಾನು ಅದನ್ನು ತಪ್ಪಾಗಿ ಹೇಳಿದ ದಿನ. ಅದನ್ನು ತಿಳಿಸಿಕೊಟ್ಟವರು ಬೊರಿವಲಿಯ ಒಬ್ಬ ಅಜ್ಜಿ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹಳೆಯ ಗ್ರಾಮಫೋನ್ ತಟ್ಟೆಗಳ ಹಾಡುಗಳನ್ನು ಹಾಕುವ ಒಂದು ಕಾರ್ಯಕ್ರಮ ಮಾಡುತ್ತಿದ್ದೆ. ಒಂದು ತಟ್ಟೆಯ ಮೇಲೆ ನಾಯಿಯ ಚಿತ್ರ, ಅದರ ಕೆಳಗೆ "ಗಾಂಧಾರಿ, ಹುಬ್ಬಳ್ಳಿ" ಎಂಬ ಹೆಸರು. ಎಳೆಯ, ತೆಳುವಾದ, ಮೇಲಿನ ಸ್ವರಕ್ಕೆ ಸಲೀಸಾಗಿ ಹತ್ತುವ ಹೆಣ್ಣು ದನಿ. ಹಾಡು ಮುಗಿದ ಮೇಲೆ ನಾನು ದೊಡ್ಡ ಪಂಡಿತನಂತೆ, "ಕಾಲದಲ್ಲಿ ಮರೆಯಾಗಿ ಹೋದ ಗಾಯಕಿ ಗಾಂಧಾರಿ ಅವರ ದನಿ ಕೇಳಿದಿರಿ. ಇವರ ಬಗ್ಗೆ ನಮಗೆ ಹೆಚ್ಚೇನೂ ತಿಳಿದಿಲ್ಲ" ಎಂದೆ. ಕಾರ್ಯಕ್ರಮ ಮುಗಿಸಿ ಹೊರಗೆ ಬರುವಷ್ಟರಲ್ಲಿ ಫೋನು.

"ತಮ್ಮಾ, ನೀ ಯಾವೂರಾಂವ?"

"ಕರಾವಳಿ ಕಡೆಯವನಮ್ಮ."

"ಅದಕ್ಕ. ಅಕಿ ಮರೆತು ಹೋದಾಕಿ ಅಲ್ಲೋ. ಅಕಿ ನಮ್ಮ ಗಂಗೂಬಾಯಿ! ಹಾನಗಲ್ ಗಂಗೂಬಾಯಿ! ರೇಡಿಯೊದಾಗ ಕುಂತು ಮಾತಾಡೂ ಮುಂದ ಒಂಚೂರು ಕೇಳಿ ತಿಳ್ಕೊಬೇಕಪ್ಪಾ."

ನನಗೆ ಮಾತೇ ಹೊರಡಲಿಲ್ಲ. ಕನ್ನಡ ಬಿ.ಎ. ಮಾಡಿದವ, ಗಂಗೂಬಾಯಿಯವರ "ನನ್ನ ಬದುಕಿನ ಹಾಡು" ಪುಸ್ತಕದ ಹೆಸರನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದವ. ಆದರೆ ನಾನು ಬಲ್ಲ ಗಂಗೂಬಾಯಿಯವರ ದನಿ ಬೇರೆ. ಆಳವಾದ, ಗಂಭೀರವಾದ, ಕೇಳದವರು ಗಂಡಸಿನ ದನಿ ಎಂದೇ ತಿಳಿಯುವಂಥ ದನಿ. ಈ ತಟ್ಟೆಯ ಎಳೆಯ ದನಿಗೂ ಅದಕ್ಕೂ ಎಲ್ಲಿಯ ಸಂಬಂಧ?

ಸಂಬಂಧ ಇತ್ತು. ಗಂಗೂಬಾಯಿ ಹಾನಗಲ್ ಅವರು ಧಾರವಾಡದಲ್ಲಿ ಹುಟ್ಟಿದ್ದು 1913ರ ಮಾರ್ಚ್ 5ರಂದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದುಸ್ತಾನಿ ಕಲಿಸಬೇಕೆಂದು 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು. 1930ರ ದಶಕದ ಮೊದಲ ವರ್ಷಗಳಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ, ಎಚ್.ಎಂ.ವಿ. ಕಂಪನಿಗೆ ಹಾಡಲು ಮುಂಬಯಿಗೆ ಬಂದರು. ಆ ತಟ್ಟೆಗಳು ಹೊರಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಜಿ.ಎನ್. ಜೋಶಿಯವರ ಜತೆ ಮರಾಠಿ ಯುಗಳ ಗೀತೆಗಳನ್ನೂ ಹಾಡಿದರು. ಇದೇ ಜೋಶಿಯವರು ಮುಂದೆ ಮುಂಬಯಿಯ ಎಚ್.ಎಂ.ವಿ.ಯಲ್ಲಿ ಧ್ವನಿಮುದ್ರಣದ ಅಧಿಕಾರಿಯಾದರು. ಆಮೇಲೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. 1940ರ ದಶಕದಲ್ಲಿ ಗಂಟಲಿಗೆ ಟಾನ್ಸಿಲ್ ತೊಂದರೆ, ಚಿಕಿತ್ಸೆ. ಅದಾದ ಮೇಲೆ ದನಿ ಒಡೆದು ಕೆಳಗಿಳಿಯಿತು. ಬೇರೆ ಯಾರೇ ಆದರೂ ತಂಬೂರಿಯನ್ನು ಮೂಲೆಗಿಡುತ್ತಿದ್ದರು. ಅವರು ಆ ಹೊಸ ದನಿಯಲ್ಲೇ ಸ್ವರ ಹಚ್ಚಿ, ಅದನ್ನೇ ತಮ್ಮ ಗುರುತು ಮಾಡಿಕೊಂಡು, ಮುಂದೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ಈಗ ಯೋಚಿಸಿ. ಅವರ ಮೊದಲಿನ ದನಿ ಇಂದು ಎಲ್ಲಿ ಉಳಿದಿದೆ? ಮುಂಬಯಿಯಲ್ಲಿ ಹಾಡಿದ ಆ ಕೆಲವು ತಟ್ಟೆಗಳಲ್ಲಿ ಮಾತ್ರ. ಜೀವನ ಕಿತ್ತುಕೊಂಡದ್ದನ್ನು ಅರಗಿನ ತಟ್ಟೆ ಇಟ್ಟುಕೊಂಡಿತ್ತು. ಆದರೆ ಅದರ ಮೇಲಿದ್ದ ಹೆಸರು ಬೇರೆ. ಹಾಗಾಗಿ ನನ್ನಂಥವನು ಆ ದನಿಯನ್ನು ಎದುರಿಗಿಟ್ಟುಕೊಂಡೂ ಗುರುತಿಸಲಿಲ್ಲ.

ಆ ದಿನಗಳಲ್ಲಿ ಧ್ವನಿಮುದ್ರಣ ಎಂದರೆ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಇಂದು ನೀವು ಮೊಬೈಲಿನಲ್ಲಿ ಮೊಮ್ಮಗಳ ಹಾಡನ್ನು ಹತ್ತು ಸಲ ಹಿಡಿದು ಒಂಬತ್ತನ್ನು ಅಳಿಸುತ್ತೀರಿ. ಅಂದು ದನಿಯ ಕಂಪನಕ್ಕೆ ತಕ್ಕಂತೆ ಒಂದು ಮೊನೆ, ತಿರುಗುವ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತ ಹೋಗುತ್ತಿತ್ತು. ಕೊರೆದದ್ದು ಕೊರೆದದ್ದೇ. ಕೆಮ್ಮು ಬಂದರೆ, ತಬಲದವನ ಪೆಟ್ಟು ಜಾರಿದರೆ, ಆ ಮೇಣ ಹಾಳು, ಹೊಸ ಮೇಣ ಹಾಕಿ ಮೊದಲಿನಿಂದ ಹಾಡಬೇಕು. ನಡುವಿನ ಒಂದು ಸಾಲನ್ನು ಮಾತ್ರ ಸರಿಪಡಿಸುವಂತಿಲ್ಲ. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷ, ಮೇಲೆ ಕೆಲವು ಸೆಕೆಂಡು. ಮನೆಯಲ್ಲಿ ಒಂದು ರಾಗಕ್ಕೆ ಒಂದು ತಾಸು ತೆಗೆದುಕೊಳ್ಳುವವರು ಮೂರು ನಿಮಿಷದಲ್ಲಿ ಆಲಾಪ, ಚೀಜು, ತಾನು ಎಲ್ಲವನ್ನೂ ಮುಗಿಸಬೇಕು. ಬುತ್ತಿ ಕಟ್ಟಿದ ಹಾಗೆ. ಒಂದು ಅನ್ನದ ಅಗುಳೂ ಹೊರಗೆ ಬೀಳಬಾರದು.

ವಿದ್ಯುತ್ತಿನ ಮೈಕು ಬಂದದ್ದು 1925ರ ನಂತರ. ಅದಕ್ಕೆ ಮೊದಲು ಒಂದು ದೊಡ್ಡ ತುತ್ತೂರಿಯ ಬಾಯೊಳಗೆ ಮುಖವಿಟ್ಟು ಕೂಗಿ ಹಾಡಬೇಕಿತ್ತು. ಹಾಗೆ ಹಾಡಿದವರಲ್ಲಿ ಒಬ್ಬಳನ್ನು ನಮ್ಮ ವೃತ್ತಿಯ ಹಿರಿಯಕ್ಕ ಎಂದೇ ನಾನು ಭಾವಿಸಿದ್ದೇನೆ. ಕಲಕತ್ತೆಯ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯ ಹೋಟೆಲೊಂದರ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಅವಳ ಹಾಡನ್ನು ಹಿಡಿದ. ಹಾಡು ಮುಗಿಯುತ್ತಲೇ ಅವಳು ಇಂಗ್ಲಿಷಿನಲ್ಲಿ "ನನ್ನ ಹೆಸರು ಗೌಹರ್ ಜಾನ್" ಎಂದು ಗಟ್ಟಿಯಾಗಿ ಕೂಗಿ ಹೇಳುತ್ತಾಳೆ. ಅದು ಜಂಬವಲ್ಲ. ಆ ಮೇಣದ ಅಚ್ಚುಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು. ಅಲ್ಲಿ ತಟ್ಟೆ ಒತ್ತುವವರಿಗೆ ನಮ್ಮ ಭಾಷೆ ಬಾರದು. ಯಾವ ತಟ್ಟೆಗೆ ಯಾರ ಹೆಸರು ಅಂಟಿಸಬೇಕೆಂಬುದು ತಿಳಿಯಲಿ ಎಂದು ಆ ಘೋಷಣೆ. ನಮ್ಮ ನೆಲದ ತಟ್ಟೆಗಳಲ್ಲಿ ಮೊದಲ ಉದ್ಘೋಷಕರು ಹಾಡಿದವರೇ ಆಗಿದ್ದರು! ಅಂದ ಹಾಗೆ, ಈ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಮೈಸೂರಿಗೆ ಬಂದು, 1930ರ ಜನವರಿ 17ರಂದು ಅಲ್ಲಿಯೇ ಕಣ್ಣು ಮುಚ್ಚಿದಳು. ಅವಳ ಹೆಸರು ಮಾತ್ರ ತಟ್ಟೆಗಳ ಕೊನೆಯಲ್ಲಿ ಅವಳ ಬಾಯಿಂದಲೇ ಇವತ್ತಿಗೂ ಕೇಳಿಬರುತ್ತದೆ.

ಇನ್ನು ಆ ನಾಯಿಯ ಚಿತ್ರ. ಎಚ್.ಎಂ.ವಿ. ತಟ್ಟೆಯ ಮೇಲೆ ಕಹಳೆಗೆ ಕಿವಿಗೊಟ್ಟು ಕೂತ ಆ ನಾಯಿಯೇ ಅಮೆರಿಕದ ವಿಕ್ಟರ್ ಕಂಪನಿಯ ತಟ್ಟೆಗಳ ಮೇಲೂ ಕೂತಿತ್ತು. ಆದ್ದರಿಂದ ಆ ಅಜ್ಜಿಯ ಫೋನಿನ ನಂತರ ನಾನು ಅಲ್ಲಿಯ ಕಥೆಗಳನ್ನೂ ಓದುತ್ತ ಹೋದೆ. ರಾಕ್ ಅಂಡ್ ರೋಲ್, ಕಂಟ್ರಿ, ಡೂ-ವಾಪ್ ಎಂದೆಲ್ಲ ಹೇಳುತ್ತಾರಲ್ಲ, ಆ ಹಾಡುಗಳನ್ನು ಮೊದಲು ಹಿಡಿದದ್ದು ಹೇಗೆ ಎಂದು. ಓದಿದಷ್ಟೂ ಇದು ನಮ್ಮ ಮನೆಯ ಕಥೆಯೇ ಅನ್ನಿಸಿತು.

1927ರ ಜುಲೈ 23ರಂದು ನಮ್ಮ ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ರೇಡಿಯೊ ನಿಲಯ ಉದ್ಘಾಟನೆಯಾಯಿತು. ಅದಾಗಿ ಎರಡೇ ದಿನಕ್ಕೆ, ಜುಲೈ 25ರಂದು, ಅಮೆರಿಕದ ಬ್ರಿಸ್ಟಲ್ ಎಂಬ ಊರಿನಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪೀರ್ ಹಾಡು ಹಿಡಿಯಲು ಕೂತ. ಬ್ರಿಸ್ಟಲ್ ಎಂದರೆ ಟೆನೆಸಿ ಮತ್ತು ವರ್ಜಿನಿಯ ರಾಜ್ಯಗಳ ಗಡಿಯ ಊರು. ಪೇಟೆಯ ಮುಖ್ಯ ರಸ್ತೆಯ ನಡುವೆಯೇ ಗಡಿ ಹಾದುಹೋಗುತ್ತದೆ. ನಮ್ಮ ಗಡಿನಾಡಿನ ಊರುಗಳನ್ನು ಕಂಡವರಿಗೆ ಇದು ವಿಶೇಷವಲ್ಲ ಬಿಡಿ. ಸ್ಟುಡಿಯೊ ಎಂದರೆ ಹಿಂದೆ ಟೋಪಿಗಳ ವ್ಯಾಪಾರಕ್ಕೆ ಇದ್ದ ಒಂದು ಕಟ್ಟಡದ ಮಹಡಿ, ಗೋಡೆಗೆ ಕಂಬಳಿ ಹೊದಿಸಿದ್ದು. ಹಾಡಿಗೆ 50 ಡಾಲರು. ಎರಡು ವಾರಕ್ಕೂ ಕಡಿಮೆ ಅವಧಿಯಲ್ಲಿ 19 ತಂಡಗಳು 76 ಹಾಡು ಹಾಡಿದವು. ಬೆಟ್ಟದ ಮೇಲಿನಿಂದ ಕಾರಿನಲ್ಲಿ ಕುಲುಕಾಡುತ್ತ ಬಂದ ಕಾರ್ಟರ್ ಕುಟುಂಬ, ಹಿಂದೆ ರೈಲ್ವೆಯಲ್ಲಿ ದುಡಿದಿದ್ದ ಕ್ಷಯರೋಗಿ ಜಿಮ್ಮಿ ರಾಜರ್ಸ್, ಇಬ್ಬರೂ ಮೊದಲು ಹಾಡಿದ್ದು ಅಲ್ಲೇ. ಕಂಟ್ರಿ ಸಂಗೀತದ ಬುನಾದಿ ಎಂದು ಆ ಎರಡು ವಾರಗಳನ್ನು ಇಂದು ಕರೆಯುತ್ತಾರೆ.

ಆಮೇಲಿನದು ಮೆಂಫಿಸ್ ಊರಿನ ಕಥೆ. ಯೂನಿಯನ್ ಅವೆನ್ಯೂ, 706ನೇ ನಂಬರು. ರೇಡಿಯೊದಲ್ಲಿ ಕೆಲಸ ಮಾಡಿದ್ದ ಸ್ಯಾಮ್ ಫಿಲಿಪ್ಸ್ ಅಲ್ಲಿ ಒಂದು ಸಣ್ಣ ಸ್ಟುಡಿಯೊ ತೆರೆದಿದ್ದ. ಮದುವೆ, ಸಭೆ, ಭಾಷಣ, ಯಾರು ಬಂದು ಏನು ಹೇಳಿದರೂ ಹಿಡಿದುಕೊಡುವ ಅಂಗಡಿ. 1951ರ ಮಾರ್ಚಿನಲ್ಲಿ ಐಕ್ ಟರ್ನರ್ ಎಂಬ ಕರಿಯ ಯುವಕ ತನ್ನ ತಂಡದೊಡನೆ ಕಾರಿನಲ್ಲಿ ಬಂದ. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರಿಗೆ ಪೆಟ್ಟಾಗಿ ಅದರೊಳಗಿನ ಸ್ಪೀಕರಿನ ಕಾಗದ ಹರಿದಿತ್ತು. ರಿಪೇರಿಗೆ ಸಮಯವಿಲ್ಲ. ಒಳಗೆ ಕಾಗದ ತುರುಕಿ ನುಡಿಸಿದರು. ಗೊರಗೊರ ಎನ್ನುವ ಒಂದು ಹೊಸ ನಾದ ಬಂತು. ಬೇರೆಯವನಾಗಿದ್ದರೆ "ಇನ್ನೊಂದು ದಿನ ಬನ್ನಿ" ಎನ್ನುತ್ತಿದ್ದ. ಫಿಲಿಪ್ಸ್ ಅದನ್ನು ಹಾಗೆಯೇ ಹಿಡಿದ. "ರಾಕೆಟ್ 88" ಎಂಬ ಆ ಹಾಡನ್ನು ಮೊದಲ ರಾಕ್ ಅಂಡ್ ರೋಲ್ ತಟ್ಟೆ ಎನ್ನುವವರು ಅನೇಕರಿದ್ದಾರೆ. ಈಗ ತಟ್ಟೆಯ ಮೇಲಿನ ಹೆಸರು ನೋಡಿ. "ಜಾಕಿ ಬ್ರೆನ್ಸ್‌ಟನ್ ಮತ್ತು ಅವರ ಡೆಲ್ಟಾ ಕ್ಯಾಟ್ಸ್." ಜಾಕಿ ಹಾಡಿದ್ದೇನೋ ನಿಜ, ಅವನು ಟರ್ನರ್ ತಂಡದ ಸ್ಯಾಕ್ಸೊಫೋನ್ ವಾದಕ. ಆದರೆ ಡೆಲ್ಟಾ ಕ್ಯಾಟ್ಸ್ ಎಂಬ ತಂಡವೇ ಇರಲಿಲ್ಲ! ಐಕ್ ಟರ್ನರನ ಹೆಸರು ತಂಡದ ನಾಯಕನಾಗಿ ಎಲ್ಲೂ ಇಲ್ಲ.

ಅದೇ ಅಂಗಡಿಗೆ 1953ರ ಬೇಸಿಗೆಯಲ್ಲಿ ಹದಿನೆಂಟರ ಹುಡುಗನೊಬ್ಬ ಬಂದ. ಸುಮಾರು ನಾಲ್ಕು ಡಾಲರು ಕೊಟ್ಟು ತನ್ನ ದನಿಯಲ್ಲಿ ಎರಡು ಹಾಡಿನ ಒಂದು ತಟ್ಟೆ ಮಾಡಿಸಿಕೊಂಡು ಹೋದ. ಮುಂದಿನ ಮೇಜಿನಲ್ಲಿ ಕೂತಿದ್ದ ಮೇರಿಯನ್ ಕೀಸ್ಕರ್ ಎಂಬ ಹೆಂಗಸು ಅವನ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟಳು, ಪ್ರೇಮಗೀತೆ ಚೆನ್ನಾಗಿ ಹಾಡುತ್ತಾನೆ ಎಂಬ ಟಿಪ್ಪಣಿಯೊಡನೆ. ಈ ಮೇರಿಯನ್ ಮೆಂಫಿಸ್ ರೇಡಿಯೊದಲ್ಲಿ ಕಾರ್ಯಕ್ರಮ ನಡೆಸಿದವಳು. ಅಂದರೆ ನಮ್ಮವಳು! ಹೆಸರು ಬರೆದಿಡುವ ಅಭ್ಯಾಸ ಇದ್ದವಳು. ಆ ಚೀಟಿ ಇದ್ದುದರಿಂದಲೇ ಮರುವರ್ಷ ಆ ಹುಡುಗನನ್ನು ಕರೆಸಲು ಸಾಧ್ಯವಾಯಿತು. ಎಲ್ವಿಸ್ ಪ್ರೆಸ್ಲಿ ಎಂದು ಅವನ ಹೆಸರು.

1954ರ ಜುಲೈ 5ರ ಸಂಜೆ ಎಲ್ವಿಸ್, ಗಿಟಾರಿನ ಸ್ಕಾಟಿ ಮೂರ್, ಬೇಸ್ ನುಡಿಸುವ ಬಿಲ್ ಬ್ಲ್ಯಾಕ್ ಮೂವರೂ ಏನೇನೋ ಹಾಡಿ ನೋಡಿದರು, ಯಾವುದೂ ಹತ್ತಲಿಲ್ಲ. ಬಿಡುವಿನಲ್ಲಿ ಎಲ್ವಿಸ್ ಸುಮ್ಮನೆ ಕುಣಿಯುತ್ತ ಒಂದು ಹಳೆಯ ಹಾಡನ್ನು ಎತ್ತಿಕೊಂಡ. ಮತ್ತಿಬ್ಬರೂ ತಮಾಷೆಗೆ ಸೇರಿಕೊಂಡರು. ಒಳಗಿನಿಂದ ಫಿಲಿಪ್ಸ್ ತಲೆ ಹೊರಹಾಕಿ, ಅದನ್ನೇ ಮತ್ತೆ ಮೊದಲಿನಿಂದ ಹಾಡಿ ಎಂದ. "ದಟ್ಸ್ ಆಲ್ ರೈಟ್" ಹುಟ್ಟಿದ್ದು ಹಾಗೆ. ಆ ವಾರದಲ್ಲೇ ಡ್ಯೂಯಿ ಫಿಲಿಪ್ಸ್ ಎಂಬ ರೇಡಿಯೊ ನಿರೂಪಕ ಅದನ್ನು ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿದ, ಹುಡುಗನನ್ನೇ ನಿಲಯಕ್ಕೆ ಕರೆಸಿ ಮಾತಾಡಿಸಿದ. ಯಾವ ಶಾಲೆಯಲ್ಲಿ ಓದಿದೆ ಎಂದು ಕೇಳಿದ. ಏಕೆಂದರೆ ಅಂದು ಅಲ್ಲಿ ಶಾಲೆಯ ಹೆಸರು ಹೇಳಿದರೆ ಹಾಡಿದವನು ಬಿಳಿಯನೋ ಕರಿಯನೋ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಒಂದು ಸಣ್ಣ ಪ್ರಶ್ನೆ, ಒಳಗೆ ಎಷ್ಟು ವಿಷ! ಜಾತಿಯನ್ನು ನೇರವಾಗಿ ಕೇಳದೆ "ನಿಮ್ಮ ಊರು ಯಾವುದು, ಮನೆತನದ ಹೆಸರೇನು" ಎಂದು ಕೇಳುವ ನಮಗೆ ಇದನ್ನು ವಿವರಿಸಬೇಕಿಲ್ಲ. ಆ ಹಾಡನ್ನು 1946ರಲ್ಲೇ ಕಟ್ಟಿ ಹಾಡಿದ್ದವರು ಆರ್ಥರ್ ಕ್ರಡಪ್ ಎಂಬ ಕರಿಯ ಗಾಯಕ. ತನಗೆ ಸಲ್ಲಬೇಕಾದ ಗೌರವಧನಕ್ಕಾಗಿ ಹೋರಾಡುತ್ತಲೇ 1974ರಲ್ಲಿ ಅವರು ತೀರಿಕೊಂಡರು.

ಡೂ-ವಾಪ್ ಎಂದರೆ ಏನು ಎಂದು ಕೂಟದಲ್ಲಿ ಒಬ್ಬರು ಕೇಳಿದರು. ನಿಮ್ಮಲ್ಲಿ ವಿರಾರ್ ಲೋಕಲಿನಲ್ಲಿ ಬೆಳಗ್ಗೆ ಹೋಗುವವರಿದ್ದೀರಿ. ಭಜನೆ ಮಂಡಳಿಯವರ ಡಬ್ಬಿ ಸಿಕ್ಕಿರುತ್ತದೆ. ತಾಳ ಇದ್ದರೆ ತಾಳ, ಇಲ್ಲದಿದ್ದರೆ ಡಬ್ಬಿಯ ತಗಡೇ ಮೃದಂಗ. ಒಬ್ಬ ಮುಂದೆ ಹಾಡುತ್ತಾನೆ, ಉಳಿದವರು ಹಿಂದಿನಿಂದ ಎತ್ತಿಕೊಡುತ್ತಾರೆ. ಅಮೆರಿಕದ ಊರುಗಳಲ್ಲಿ ವಾದ್ಯ ಕೊಳ್ಳಲು ಕಾಸಿಲ್ಲದ ಹುಡುಗರು ಬೀದಿ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ನಿಂತು ವಾದ್ಯದ ದನಿಯನ್ನೂ ಬಾಯಲ್ಲೇ ತೆಗೆಯುತ್ತ ಹಾಡಿದ್ದು ಡೂ-ವಾಪ್. ಪೆಂಗ್ವಿನ್ಸ್ ತಂಡದ "ಅರ್ಥ್ ಏಂಜೆಲ್" ಹಾಡನ್ನು 1954ರಲ್ಲಿ ಲಾಸ್ ಏಂಜಲೀಸಿನ ಒಂದು ಮನೆಯ ಕಾರ್ ಗ್ಯಾರೇಜಿನಲ್ಲಿ ಹಿಡಿದರು. ಪಕ್ಕದ ಮನೆಯ ನಾಯಿ ಬೊಗಳಿದಾಗಲೆಲ್ಲ ನಿಲ್ಲಿಸಿ ಮತ್ತೆ ಹಾಡಬೇಕಾಗುತ್ತಿತ್ತೆಂದು ಹೇಳುತ್ತಾರೆ. ಫೈವ್ ಸ್ಯಾಟಿನ್ಸ್ ತಂಡದ ಪ್ರಸಿದ್ಧ ಹಾಡನ್ನು ಹಿಡಿದದ್ದು 1956ರಲ್ಲಿ, ನ್ಯೂ ಹೇವನ್ ಊರಿನ ಇಗರ್ಜಿಯೊಂದರ ನೆಲಮಾಳಿಗೆಯಲ್ಲಿ. ಹಾಡು ಬರೆದು ಮುಂದಾಳಾಗಿ ಹಾಡಿದ ಫ್ರೆಡ್ ಪ್ಯಾರಿಸ್ ಸೇನೆಯಲ್ಲಿದ್ದ ಹುಡುಗ. ತಟ್ಟೆ ದೇಶವನ್ನೆಲ್ಲ ಸುತ್ತುವಾಗ ಅವನು ಜಪಾನಿನಲ್ಲಿ ಕಾವಲು ಕೆಲಸದಲ್ಲಿದ್ದ. ತಂಡದ ಹೆಸರಿನಲ್ಲಿ ವೇದಿಕೆ ಹತ್ತಿದ್ದು ಇನ್ನೊಬ್ಬ ಗಾಯಕ. ಚಪ್ಪಾಳೆ ಒಂದು ಕಡೆ, ದನಿ ಇನ್ನೊಂದು ಕಡೆ.

ಇಷ್ಟು ದೂರ ಹೋಗಿ ಬಂದವರು ಈಗ ನಮ್ಮ ಲೋಕಲ್ ಹತ್ತೋಣ. ಬೊರಿವಲಿಯಿಂದ ಚರ್ಚ್‌ಗೇಟ್ ಕಡೆಗೆ ಎರಡನೇ ನಿಲ್ದಾಣ ಮಲಾಡ್. ಕಾಂದಿವಲಿ ದಾಟಿದರೆ ಬಂತು. ಅಲ್ಲಿ 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಬಾಂಬೆ ಟಾಕೀಸ್ ಕಟ್ಟಿದರು. 1950ರ ದಶಕದಲ್ಲಿ ಅದು ಮುಚ್ಚಿತು. ಇಂದು ಆ ಆವರಣದಲ್ಲಿ ಸಣ್ಣ ಕಾರ್ಖಾನೆ, ಗಾಳಿಗೆ ಹಾರುವ ರಟ್ಟಿನ ಚೂರು. ಹೆಸರು ಮಾತ್ರ ಬಾಂಬೆ ಟಾಕೀಸ್ ಕಂಪೌಂಡ್ ಎಂದೇ ಉಳಿದಿದೆ. ಆ ಸಂಸ್ಥೆಯ "ಕಿಸ್ಮತ್" ಚಿತ್ರ 1943ರಲ್ಲಿ ಬಂತು, ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಅನಿಲ್ ಬಿಸ್ವಾಸ್ ಸಂಗೀತದ ಆ ಹಾಡುಗಳಿಂದ ಮನೆಮಾತಾದ ದನಿ ಯಾರದು? ನಮ್ಮ ಬೀಳಗಿಯ ಅಮೀರ್‌ಬಾಯಿ ಅವರದು. ಅವರು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡದ್ದು "ಕರ್ನಾಟಕಿ" ಎಂದು. ಅಕ್ಕ ಗೋಹರ್‌ಬಾಯಿಯೂ ಗೋಹರ್ ಕರ್ನಾಟಕಿ. ಕರ್ನಾಟಕ ಎಂಬ ರಾಜ್ಯ ಹೆಸರಿಗೂ ಇಲ್ಲದ ಕಾಲದಲ್ಲಿ ಮುಂಬಯಿಯ ತಟ್ಟೆಗಳ ಮೇಲೆ ಆ ಹೆಸರನ್ನು ಅಚ್ಚು ಹಾಕಿಸಿದ ಅಕ್ಕತಂಗಿಯರು ಅವರು. ಏಕೀಕರಣದ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಾದರೂ ಬರೆಯಬೇಕು ಎಂದು ನನ್ನ ಆಸೆ.

ಅದೇ ಬಾಂಬೆ ಟಾಕೀಸಿನ "ಮಹಲ್" 1949ರಲ್ಲಿ ಬಂತು. ಖೇಮಚಂದ್ ಪ್ರಕಾಶ್ ಅವರ ಸಂಗೀತ. ಅದರ "ಆಯೇಗಾ ಆನೇವಾಲಾ" ಹಾಡಿನಲ್ಲಿ ದನಿ ಎಲ್ಲಿಂದಲೋ ದೂರದಿಂದ ತೇಲಿ ಬಂದು ಹತ್ತಿರವಾಗುತ್ತದೆ. ಅಂದು ಅಂಥ ಪರಿಣಾಮ ಮಾಡುವ ಯಂತ್ರ ಇಲ್ಲಿ ಇರಲಿಲ್ಲ. ಮೈಕನ್ನು ಕೋಣೆಯ ನಡುವೆ ಇಟ್ಟರು. ಲತಾ ಮಂಗೇಶ್ಕರ್ ಮೂಲೆಯಲ್ಲಿ ನಿಂತು ಹಾಡುತ್ತ ಹಾಡುತ್ತ ಮೆಲ್ಲಗೆ ಮೈಕಿನತ್ತ ನಡೆದು ಬಂದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಐದು ವರ್ಷ ಕಳೆದ ಮೇಲೆ ಮೆಂಫಿಸಿನ ಫಿಲಿಪ್ಸ್ ಎರಡು ಟೇಪ್ ಯಂತ್ರಗಳ ನಡುವಿನ ಕ್ಷಣದ ಅಂತರದಿಂದ ತೆಗೆದ ಮಾರ್ದನಿ ಜಗತ್ಪ್ರಸಿದ್ಧವಾಯಿತು. ಇಲ್ಲಿ ಒಬ್ಬ ಹುಡುಗಿಯ ಹೆಜ್ಜೆಗಳೇ ಆ ಕೆಲಸ ಮಾಡಿದ್ದವು. ಮಾರ್ದನಿ ಎಂದರೇನೆಂದು ತಿಳಿಯಬೇಕಾದರೆ ನಮ್ಮ ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿಗೆ ಹೋಗಿ, ದೊಡ್ಡ ಚೈತ್ಯದೊಳಗೆ ನಿಂತು ಒಮ್ಮೆ "ಓ" ಎನ್ನಿ. ಕಲ್ಲು ನಿಮಗೆ ಉತ್ತರ ಕೊಡುತ್ತದೆ.

ಆದರೆ "ಮಹಲ್" ತಟ್ಟೆಯ ಮೇಲಿದ್ದ ಹೆಸರು ಏನು ಗೊತ್ತೆ? ಕಾಮಿನಿ. ಅದು ಚಿತ್ರದಲ್ಲಿ ಮಧುಬಾಲಾ ಪಾತ್ರದ ಹೆಸರು. ಹಾಡಿದ್ದು ಪಾತ್ರವೇ ಎಂಬಂತೆ! ಹಾಡು ಪ್ರಸಾರವಾದಾಗ "ಇದನ್ನು ಹಾಡಿದವರು ಯಾರು" ಎಂದು ಕೇಳುಗರು ರೇಡಿಯೊ ನಿಲಯಕ್ಕೆ ಪತ್ರ ಬರೆದು ಕೇಳಿದರು. ಆಮೇಲೆಯೇ ಲತಾ ಅವರ ಹೆಸರು ಗಾಳಿಯಲ್ಲಿ ಕೇಳಿಬಂತು. ಅಂದರೆ ಹೆಸರು ಕೇಳಿ ಪಡೆದವರು ನಿಮ್ಮಂಥ ಕೇಳುಗರೇ. ಹಾಡುವವರ ಹೆಸರಿಗೆ ಹೇಗೋ ನ್ಯಾಯ ಸಿಕ್ಕಿತು. ನುಡಿಸಿದವರಿಗೆ ಅದೂ ಇಲ್ಲ. 1957ರ "ಆಶಾ" ಚಿತ್ರದಲ್ಲಿ ಸಿ. ರಾಮಚಂದ್ರ ಅವರು ಕಿಶೋರ್ ಕುಮಾರರಿಂದ "ಈನಾ ಮೀನಾ ಡೀಕಾ" ಹಾಡಿಸಿದಾಗ ಅಮೆರಿಕದ ರಾಕ್ ಅಂಡ್ ರೋಲ್ ಮುಂಬಯಿಗೆ ಬಂತು ಎನ್ನುತ್ತಾರೆ. ಆ ಕಾಲದ ಹಾಡುಗಳಲ್ಲಿ ತುತ್ತೂರಿ, ಸ್ಯಾಕ್ಸೊಫೋನ್, ಪಿಟೀಲು ನುಡಿಸಿದವರಲ್ಲಿ ಬಹುಪಾಲು ಗೋವೆಯವರು. ಹಗಲು ಸಿನಿಮಾ, ರಾತ್ರಿ ಹೋಟೆಲಿನ ಜಾಝ್. ನಿಮ್ಮ ಮನೆಯ ಹಳೆಯ ತಟ್ಟೆಗಳನ್ನು ತಿರುಗಿಸಿ ನೋಡಿ, ಅವರಲ್ಲಿ ಒಬ್ಬರ ಹೆಸರಾದರೂ ಸಿಕ್ಕರೆ ನಿಮ್ಮ ಪುಣ್ಯ.

ಈಗ ಮತ್ತೆ ನಮ್ಮ ಅಜ್ಜಿಯ ಹತ್ತಿರ ಬರುತ್ತೇನೆ.

ಮರುವಾರ ರೇಡಿಯೊದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಅದೇ ಹಾಡನ್ನು ಸರಿಯಾದ ಹೆಸರಿನೊಂದಿಗೆ ಮತ್ತೆ ಹಾಕಿದೆ. ಅವರು ಮತ್ತೆ ಫೋನ್ ಮಾಡಿದರು. "ಮನಿಗೆ ಬಾ ತಮ್ಮಾ, ಒಂದು ಕೆಲಸ ಐತಿ" ಎಂದರು. ಒಂದು ಭಾನುವಾರ ಹೋದೆ. ಬೊರಿವಲಿ ಪೂರ್ವದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಅವಲಕ್ಕಿ, ಚಹಾ ಆಯಿತು. ಸೆರಗಿನ ತುದಿಯಲ್ಲಿ ಒರೆಸುತ್ತ ಒಂದು ಕ್ಯಾಸೆಟ್ ನನ್ನ ಕೈಗಿಟ್ಟರು. ಮೇಲೆ ನೀಲಿ ಶಾಯಿಯಲ್ಲಿ ಎರಡೇ ಪದ: "ಮನಿ ಹಾಡು". ಎಂಬತ್ತರ ದಶಕದಲ್ಲಿ ಅವರ ಯಜಮಾನರು ಹೊಸ ಟೇಪ್ ರೆಕಾರ್ಡರು ಕೊಂಡು ಊರಿಗೆ ಒಯ್ದಿದ್ದರಂತೆ. ಮದುವೆಯ ಮನೆಯಲ್ಲಿ ಹೆಂಗಸರು ಬೀಸುವಾಗ, ಅರಿಶಿನ ಕುಟ್ಟುವಾಗ ಹಾಡಿದ್ದನ್ನು ಹಿಡಿದಿದ್ದರು. ಯಜಮಾನರು ಈಗಿಲ್ಲ. ಹಾಡಿದವರೂ ಇಲ್ಲ.

ಟೇಪು ಅಲ್ಲಲ್ಲಿ ಅಂಟಿತ್ತು. ನಮ್ಮ ಪರಿಚಯದ ಧ್ವನಿ ತಂತ್ರಜ್ಞರೊಬ್ಬರು ಅದನ್ನು ಬಿಡಿಸಿ, ಕಂಪ್ಯೂಟರಿಗೆ ಇಳಿಸಿಕೊಟ್ಟರು. ಗುಂಪು ಹಾಡುಗಳ ನಡುವೆ ಒಂದು ಕಡೆ ಒಂದೇ ದನಿ ಹಾಡುತ್ತದೆ. ಹಿಂದೆ ಎಲ್ಲೋ ಒಂದು ಮಗು ಅಳುತ್ತದೆ, ಪಾತ್ರೆ ಬೀಳುತ್ತದೆ. ದನಿ ನಿಲ್ಲುವುದಿಲ್ಲ. ಅಜ್ಜಿ ಕಣ್ಣುಮುಚ್ಚಿ ಕೇಳಿದರು. "ಅವ್ವ" ಎಂದರು. ಸ್ವಲ್ಪ ಹೊತ್ತಿಗೆ, "ಅಲ್ಲ, ಚಿಗವ್ವ ಇರಬೇಕು" ಎಂದರು. ಮತ್ತೆ ಕೇಳಿದರು. ಹುಬ್ಬಳ್ಳಿಯಲ್ಲಿರುವ ತಮ್ಮನಿಗೆ ಫೋನಿನಲ್ಲಿ ಕೇಳಿಸಿದರು. ಆತ ಖಂಡಿತ ಚಿಗವ್ವನದೇ ಎಂದರು. ಅಜ್ಜಿಗೆ ಸಮಾಧಾನವಾಗಲಿಲ್ಲ. ಹಳೆಯ ಟೇಪು ತುಸು ವೇಗವಾಗಿ ಓಡಿದರೆ ದನಿ ತೆಳುವಾಗುತ್ತದೆ, ನಿಧಾನವಾದರೆ ದಪ್ಪವಾಗುತ್ತದೆ. ವೇಗವನ್ನು ಸ್ವಲ್ಪ ತಗ್ಗಿಸಿದಾಗ ಅವ್ವನಂತೆ, ಹೆಚ್ಚಿಸಿದಾಗ ಚಿಗವ್ವನಂತೆ ಕೇಳಿಸಿತು. ಸರಿಯಾದ ವೇಗ ಯಾವುದು? ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಗಂಗೂಬಾಯಿಯವರ ದನಿಯನ್ನು ಕ್ಷಣದಲ್ಲಿ ಗುರುತಿಸಿದ ಕಿವಿ ಅದು. ತನ್ನ ಹೆತ್ತ ತಾಯಿಯ ದನಿಯ ಮುಂದೆ ಸೋತು ಕೂತಿತ್ತು. ನಾನು ನೆಲ ನೋಡುತ್ತ ಕೂತೆ.

ಕೊನೆಗೆ ಅವರೇ ಪೆನ್ನು ತೆಗೆದುಕೊಂಡರು. ಹೊಸ ಚೀಟಿಯ ಮೇಲೆ ಇಬ್ಬರ ಹೆಸರನ್ನೂ ಬರೆದರು. ಅವ್ವನ ಹೆಸರು, ಕೆಳಗೆ ಚಿಗವ್ವನ ಹೆಸರು, ನಡುವೆ "ಇಲ್ಲಾ" ಎಂಬ ಪದ. "ಸುಳ್ಳು ಬರೀಬಾರದಲ್ಲ ತಮ್ಮಾ" ಎಂದರು.

ಕೇಳುಗರೆ, ಇಷ್ಟನ್ನು ಹೇಳಿದ್ದು ಒಂದು ಕೋರಿಕೆಗಾಗಿ. ನಿಮ್ಮ ಮನೆಯಲ್ಲಿ ಕಪಾಟಿನ ಮೇಲೆ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಳೆಯ ತಟ್ಟೆ, ಕ್ಯಾಸೆಟ್ ಇದ್ದರೆ ಎಸೆಯುವ ಮೊದಲು ಒಮ್ಮೆ ಕೇಳಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ, ಹಿಡಿದವರು ಯಾರು, ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಅದರ ಜತೆಗಿಡಿ. ಗೊತ್ತಿಲ್ಲದ್ದನ್ನು ಆ ಅಜ್ಜಿಯಂತೆ ಗೊತ್ತಿಲ್ಲವೆಂದೇ ಬರೆಯಿರಿ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ. "ಮುಂದಿನ ಸಲ ಊರಿಗೆ ಹೋದಾಗ" ಎಂದು ಮುಂದೂಡಬೇಡಿ. ಮೊಬೈಲಿನಲ್ಲಿ ಹಿಡಿಯುವವರು ಇನ್ನೂ ಸುಲಭದ ಕೆಲಸ ಮಾಡಬಹುದು. ಅಮ್ಮನೋ ಅಜ್ಜನೋ ಹಾಡಿ ಮುಗಿಸಿದ ಕೂಡಲೇ ನಿಲ್ಲಿಸಬೇಡಿ. "ನಿನ್ನ ಹೆಸರು ಹೇಳು" ಎನ್ನಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಲಕತ್ತೆಯ ಹೋಟೆಲಿನ ಕೋಣೆಯಲ್ಲಿ ಗೌಹರ್ ಜಾನ್ ಮಾಡಿದ್ದು ಅಷ್ಟನ್ನೇ.

ಅವರು ನಾಚಿಕೊಂಡರೆ ಉದ್ಘೋಷಕರ ಕೆಲಸವನ್ನು ನೀವೇ ಮಾಡಿ. "ಹಾಡಿದವರು..." ಎಂದು ಹೇಳಿ, ಒಂದು ಕ್ಷಣ ತಡೆದು, ಹೆಸರು ಹೇಳಿ. ಸಂಬಳ ಮಾತ್ರ ಕೇಳಬೇಡಿ!